ಬಿಳಿ ದಾರದ ಸಾಲುಗಳು

ನಾನೇ ಫೋನ್ ಮಾಡಿ ಅವಳನ್ನು ಹೂವಿನ ಪ್ಲಾಟಿನೊಳಗೆ ಕಳಿಸಿದ್ದೆ. ಆ ಒಂದು ಮಾತನ್ನು ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲ. ನನ್ನ ತಂಗಿ ಬೇಲಿಯ ಆಚೆ ನಿಂತು ನನ್ನ ಮುಖ ನೋಡುತ್ತಿದ್ದಳು. ಅವಳ ಕೈಯಲ್ಲಿ ಫೋನ್ ಇತ್ತು. ನಾನು ಬಾಡಿದ ಗಿಡ ನೋಡುವವನಂತೆ ತಲೆ ಬಗ್ಗಿಸಿದೆ.

ಹೆಣ್ಣುಮಕ್ಕಳ ಮುಟ್ಟಿನ ವಿಷಯ ಬರೆಯುವುದು ಗಂಡಸಿಗೆ ಶೋಭೆಯಲ್ಲ ಎಂದು ಈಗಾಗಲೇ ಇಬ್ಬರು ನನಗೆ ಬುದ್ಧಿ ಹೇಳಿದ್ದಾರೆ. ಅದೇ ವಿಷಯವನ್ನು ಬೇಲಿಯ ಬಳಿ ಹತ್ತು ಜನರ ಮುಂದೆ ಕೂಗಿ ಆಡಿದಾಗ ಶೋಭೆ ಯಾರಿಗೂ ನೆನಪಾಗಲಿಲ್ಲ. ಹಾಗಾಗಿ ಬರೆಯುತ್ತೇನೆ. ನಾನು ಓದಿದ್ದು ಏಳನೆಯ ತರಗತಿ. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ನಡೆದದ್ದನ್ನು ಮಾತ್ರ ತಿದ್ದಬೇಡಿ.

ನಮ್ಮ ಹೊಲ ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವ ದಾರಿಯಲ್ಲಿದೆ. ಕೆಂಪು ಮಸಾರಿ ನೆಲ, ಬೋರಿನ ನೀರು. ಅದರಲ್ಲಿ ಸೇವಂತಿಗೆ ಹಾಕುವ ಯೋಚನೆ ತಂಗಿಯದು. ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಗೆ ಮದುವೆಯಾಗಿ ಹೋಗಿದ್ದವಳು ಒಂದು ದಿನ ಗಂಡನ ಮನೆ ಬಿಟ್ಟು, ಯಾರನ್ನೂ ಕೇಳದೆ ತಾನೇ ಬಸ್ಸು ಹತ್ತಿ ಬಂದಿದ್ದಳು. ಬಂದ ಮೇಲೆ ಎರಡು ವರ್ಷ ಸೀಡ್ಸ್ ಪ್ಲಾಟಿನಲ್ಲಿ, ಅಂದರೆ ಬೀಜ ತಯಾರಿಸುವವರ ನೆರಳುಬಲೆಯೊಳಗೆ, ಕ್ರಾಸಿಂಗ್ ಕೆಲಸಕ್ಕೆ ಹೋದಳು. ನಮ್ಮ ಭಾಗದ ಹೆಣ್ಣುಮಕ್ಕಳ ಬೆರಳಿಗೆ ಆ ಕೆಲಸ ಚೆನ್ನಾಗಿ ಗೊತ್ತು. ಚಿಮಟದಿಂದ ಹೂವಿನ ಗಂಡುಭಾಗ ಕಿತ್ತು, ಬೇರೆ ಗಿಡದ ಪರಾಗ ಸವರಿ, ಗುರುತಿಗೆ ದಾರ ಕಟ್ಟಬೇಕು. ಒಬ್ಬೊಬ್ಬಳಿಗೆ ಒಂದೊಂದು ಬಣ್ಣದ ದಾರ. ಕಾಯಿ ಉದುರಿದರೆ ಯಾರ ಕೈ ಎಂದು ದಾರವೇ ಹೇಳುತ್ತದೆ. ಒಂದು ತಳಿಯಿಂದ ಇನ್ನೊಂದಕ್ಕೆ ಹೋಗುವಾಗ ಚಿಮಟವನ್ನು ಸ್ಪಿರಿಟ್ಟಿನಲ್ಲಿ ಅದ್ದಬೇಕು, ಇಲ್ಲದಿದ್ದರೆ ಬೀಜ ಬೆರಕೆ.

ಈ ಎರಡೂ ಅಭ್ಯಾಸಗಳನ್ನು ಅವಳು ಸೇವಂತಿಗೆಗೂ ತಂದಳು. ಸೀರೆಯ ಸೊಂಟಕ್ಕೆ ಸಣ್ಣ ಸ್ಪಿರಿಟ್ ಬಾಟಲಿ ಸಿಕ್ಕಿಸಿಕೊಂಡು, ಒಂದು ಗಿಡದ ಕುಡಿ ಕತ್ತರಿಸಿದ ಮೇಲೆ ಚಾಕು ಅದ್ದಿ, ಆಮೇಲೆ ಮುಂದಿನ ಗಿಡ. ನಾನು ಚುಡಾಯಿಸುತ್ತಿದ್ದೆ.

"ದಾರಿ ಬಿಡ್ರಿ, ಹೂವಿನ ದವಾಖಾನಿ ಡಾಕ್ಟರಮ್ಮ ಬಂದ್ಲು!"

"ನಗು, ನಗು. ನಿನ್ನ ಚಾಕು ಆ ಗಿಡದ ಎಂಜಲಾನ ಈ ಗಿಡಕ್ಕ ತಿನಸಾಕತ್ತೈತಿ, ಅದು ಗೊತ್ತಾಗೂದಿಲ್ಲ ನಿನಗ."

ಅವಳು ನಕ್ಕೇ ಹೇಳಿದ್ದಳು. ಅದೇ ಮಾತನ್ನು ಮೂರು ತಿಂಗಳ ನಂತರ ಪ್ರಯೋಗಾಲಯದ ಕಾಗದವೂ ಹೇಳಿತು.

ಸೇವಂತಿಗೆ ಸಸಿ ಒಂದು ಗೇಣು ಬಂದ ಕೂಡಲೇ ತುದಿಯ ಕುಡಿ ಕತ್ತರಿಸಬೇಕು. ಆಗ ಪಕ್ಕದ ಕೊಂಬೆಗಳು ಒಡೆದು ಹೂವು ಹೆಚ್ಚುತ್ತವೆ. ಆ ಕೆಲಸಕ್ಕೆ ಹದ ಇದೆ. ದಸರೆಗೆ, ಹೇಮಗುಡ್ಡದ ದುರ್ಗಮ್ಮನಿಗೆ ಜನ ಹೂವು ಕೇಳುವ ಹೊತ್ತಿಗೆ ಮೊಗ್ಗು ನಿಲ್ಲಬೇಕಾದರೆ ಆ ಹದ ತಪ್ಪಿಸುವ ಹಾಗಿಲ್ಲ. ನಮ್ಮದು ಇಪ್ಪತ್ತನಾಲ್ಕು ಸಾಲು. ಎಲ್ಲ ಸಾಲೂ ಒಟ್ಟಿಗೆ ಎತ್ತರಕ್ಕೆ ಬರಲಿಲ್ಲ. ಬಂದ ಸಾಲನ್ನು ಮೊದಲು ಹಿಡಿಯುತ್ತ, ಅಲ್ಲೊಂದು ಇಲ್ಲೊಂದರಂತೆ ತಂಗಿ ಹದಿಮೂರು ಸಾಲು ಮುಗಿಸಿದಳು. ಮುಗಿಸಿದ ಸಾಲಿನ ಗೂಟಕ್ಕೆ ಕೆಂಪು ದಾರ ಕಟ್ಟಿದಳು. ಅಷ್ಟರಲ್ಲಿ ಅವಳು ಹೊರಗಾದಳು.

ನಮ್ಮಲ್ಲಿ ಎಲೆಬಳ್ಳಿ ತೋಟಕ್ಕೂ ಹೂವಿನ ತೋಟಕ್ಕೂ ಆ ದಿನಗಳಲ್ಲಿ ಹೆಣ್ಣುಮಕ್ಕಳು ಕಾಲಿಡುವುದಿಲ್ಲ. ಗಿಡ ಬಾಡುತ್ತದೆ ಎನ್ನುತ್ತಾರೆ. ತಂಗಿ ಅದನ್ನು ನಂಬುತ್ತಿರಲಿಲ್ಲ. "ಅವ್ವನ ಸಮಾಧಾನಕ್ಕ ನಾಕು ದಿನ ಕುಂದರ್ತೇನಿ" ಎಂದಳು. ಹೋಗುವಾಗ ಸ್ಪಿರಿಟ್ ಬಾಟಲಿಯನ್ನೂ ಒಂದು ಬಿಳಿ ದಾರದ ಉಂಡೆಯನ್ನೂ ಬೇಲಿಯ ಮೇಲೆ ಇಟ್ಟಳು.

"ಯಣ್ಣಾ, ನೀ ಮುಗಿಸಿದ ಸಾಲಿಗೆ ಬಿಳಿ ದಾರ ಕಟ್ಟು. ನಾ ಕಲಿಸಿದ ಗಂಟು ಹಾಕು, ಅದು ಬಿಚ್ಚೂದಿಲ್ಲ. ಮತ್ತ ಚಾಕು ಅದ್ದೂದು ಮರೀಬ್ಯಾಡ."

ದಾರ ಕಟ್ಟಿದೆ, ಏಕೆಂದರೆ ಕಟ್ಟದಿದ್ದರೆ ಯಾವ ಸಾಲು ಮುಗಿಯಿತು ಎಂದು ನನಗೇ ತಿಳಿಯುತ್ತಿರಲಿಲ್ಲ. ಬಾಟಲಿ ಪಂಪಿನ ಶೆಡ್ಡಿನಲ್ಲೇ ಉಳಿಯಿತು. ಗಿಡಕ್ಕೊಮ್ಮೆ ಅದ್ದುತ್ತ ಕುಳಿತರೆ ಹನ್ನೊಂದು ಸಾಲು ಯಾವಾಗ ಮುಗಿಯಬೇಕು? ಹೆಗಲ ಮೇಲಿನ ಟವೆಲ್ಲಿಗೆ ಚಾಕು ಒರೆಸಿ ಮುಂದೆ ಹೋದೆ.

ಇನ್ನೊಂದನ್ನೂ ಇಲ್ಲೇ ಹೇಳಬೇಕು. ಶೆಡ್ಡಿನ ಪಕ್ಕ ಒಂದು ಸಣ್ಣ ಮಡಿಯಲ್ಲಿ ಹೊಸ ಹಳದಿ ತಳಿ ಇತ್ತು. ಗಂಗಾವತಿ ಕಡೆಯ ಪರಿಚಯದವರ ತೋಟದಿಂದ ನಾನೇ ಸಸಿ ತಂದಿದ್ದೆ, ಹಸಿ ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು. ಆ ತೋಟದಲ್ಲಿ ಒಂದೆರಡು ಗಿಡ ತಲೆ ಜೋತು ಬಿದ್ದದ್ದನ್ನು ನೋಡಿದ್ದೆ. "ಬಿಸಲಿಗ್ರಿ ಅದು" ಎಂದರು. ನನಗೂ ಹಾಗೆ ನಂಬುವುದು ಬೇಕಿತ್ತು. ಶೆಡ್ಡಿನ ನೆರಳು ಇದ್ದುದರಿಂದ ನಾಲ್ಕೂ ದಿನ ಬೆಳಿಗ್ಗೆ ನಾನು ಆ ಹಳದಿ ಮಡಿಯಲ್ಲೇ ಕುಡಿ ಕತ್ತರಿಸಲು ಶುರು ಮಾಡಿ, ಅದೇ ಚಾಕು ಹಿಡಿದು ಸಾಲುಗಳಿಗೆ ಇಳಿದೆ.

ಮೂರನೆಯ ದಿನ ಹನಿ ನೀರಾವರಿಯ ವಾಲ್ ತೆರೆದಿಟ್ಟು, ಮೋಟರ್‌ಸೈಕಲ್ ರಿಪೇರಿಗೆಂದು ಕುಷ್ಟಗಿಗೆ ಹೋದೆ. ಅಲ್ಲಿ ಚಹಾ ಕುಡಿಯುವಾಗ ನೆನಪಾಯಿತು. ತಂಗಿಗೆ ಫೋನ್ ಹಚ್ಚಿದೆ.

"ವಾಲ್ ಬಂದ್ ಮಾಡೂದು ಮರತೇನಿ. ತಗ್ಗಿನ ಸಾಲಾಗ ನೀರು ನಿಂತಿರ್ತಾವ. ಓಡಿ ಹೋಗಿ ಬಂದ್ ಮಾಡು."

"ನಾ ಒಳಗ ಹೋಗಬಾರದಲ್ಲೋ ಯಣ್ಣಾ."

"ಯಾರು ನೋಡಾಕ ಬರ್ತಾರ? ನಾ ಹೇಳಾಕತ್ತೇನಿ, ಹೋಗು."

ಹೋದಳು. ತಗ್ಗಿನ ಕಡೆಯ ಕೊನೆಯ ಸಾಲಿನ ಗುಂಟ ನಡೆದು ವಾಲ್ ತಿರುಗಿಸಿ ಬಂದಳು. ಪಕ್ಕದ ಹೊಲದಲ್ಲಿದ್ದ ನಮ್ಮ ದೊಡ್ಡಪ್ಪ ನೋಡಿದ.

ಹತ್ತು ಹನ್ನೆರಡು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕೆಲವು ಗಿಡಗಳ ತಲೆ ಬಾಗಿದವು. ಸಂಜೆಗೆ ಎದ್ದು ನಿಂತವು. ಮರುದಿನ ಮತ್ತೆ ಬಾಗಿದವು, ಏಳಲಿಲ್ಲ. ಕಾಂಡ ಸೀಳಿದರೆ ಒಳಗಿನ ತಿರುಳು ಕಂದು ಲೋಳೆಯಾಗಿ ಇಳಿಯುತ್ತಿತ್ತು, ಕೆಟ್ಟ ವಾಸನೆ. ವಿಚಿತ್ರವೆಂದರೆ ಒಂದು ಸಾಲು ಪೂರ್ತಿ ಮಲಗಿದರೆ ಪಕ್ಕದ ಸಾಲು ನೆಟ್ಟಗೆ ನಿಂತಿತ್ತು. ಔಷಧಿ ಅಂಗಡಿಯವರು ಬೂಷ್ಟಿನ ರೋಗ ಎಂದು ಪುಡಿ ಕೊಟ್ಟರು. ಎರಡು ಸಲ ಹೊಡೆದೆ. ಗಿಡಗಳ ಮೇಲೆ ಬಿಳಿ ಪುಡಿ ಕೂತಿತೇ ಹೊರತು ಮತ್ತೇನೂ ಬದಲಾಗಲಿಲ್ಲ.

ಆಗ ದೊಡ್ಡಪ್ಪ ಬೇಲಿಗೆ ಬಂದ. ಅವನ ಹಿಂದೆ ಅಕ್ಕಪಕ್ಕದ ಹೊಲದವರು. ನಾನೂ ತಂಗಿಯೂ ಒಳಗೆ ಬಾಡಿದ ಗಿಡ ಕೀಳುತ್ತಿದ್ದೆವು.

"ಹೊರಗ ಬಾರವಾ ನೀ. ಹೊರಗಾದಾಗ ಒಳಗ ಬರ್ತಿ, ಈಗ ಹೆಣಾ ಎತ್ತಾಕೂ ನೀನ ಬರ್ತಿ. ಗಂಡನ ಮನಿ ಬೆಳಗಿದ್ದು ಸಾಲಲಿಲ್ಲೇನು?"

"ಏನಂದ್ರಿ ದೊಡ್ಡಪ್ಪಾ?"

"ಮೂರನೇ ದಿನ ವಾಲಿನ ಕಡೆ ಹೋಗಿದ್ದಿಲ್ಲ? ನನ್ನ ಕಣ್ಣೇನು ಕುರುಡಾಗ್ಯಾವ? ದೇವರಿಗೆ ಹೋಗೂ ಹೂವ ಇವು. ಮುಟ್ಟಾಗಿ ತುಳದಿ, ಬಾಡಿದ್ವು."

ತಂಗಿ ಹೊರಗೆ ಬಂದಳು. ನನ್ನನ್ನು ನೋಡಿದಳು. ಫೋನ್ ತೆರೆದು ತೋರಿಸಿದ್ದರೆ ನನ್ನ ಕರೆ ಅದರಲ್ಲೇ ಇತ್ತು. ತೋರಿಸಲಿಲ್ಲ. ಅದನ್ನು ಹೇಳುವ ಕೆಲಸ ನನಗೆ ಬಿಟ್ಟಿದ್ದಳು. ನಾನು ಹೇಳಲಿಲ್ಲ ಎಂದು ಮೊದಲೇ ಬರೆದಿದ್ದೇನೆ. ಅಂಜಿಕೆಯಲ್ಲ ಅದು. ರೋಗಕ್ಕೆ ಬೇರೆ ಯಾರೋ ಕಾರಣ ಎಂದಾಗ ನನ್ನ ಎದೆ ಹಗುರಾಯಿತು. ನಿಜ ಅದೇ.

ಜನ ಚದುರಿದ ಮೇಲೆ ಅವಳು ನನಗೆ ಮಾತ್ರ ಕೇಳುವಂತೆ ಒಂದೇ ಮಾತು ಆಡಿದಳು. "ಗೂಟದ ದಾರ ನೋಡಿದೇನು?"

ನೋಡಿದ್ದೆ. ಬಿಳಿ ದಾರದ ಸಾಲುಗಳೆಲ್ಲ ಬಾಡುತ್ತಿದ್ದವು. ಕೆಂಪು ದಾರದವು ಹಸಿರಾಗಿದ್ದವು.

ಪ್ಲಾಟನ್ನು ನಾನೊಬ್ಬನೇ ನೋಡಿಕೊಳ್ಳಬೇಕು, ಅವಳು ಕಾಲಿಡಬಾರದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಅವ್ವ ಸೆರಗು ಬಾಯಿಗಿಟ್ಟು ಅತ್ತಳು, ಆದರೆ ಇಲ್ಲ ಎನ್ನಲಿಲ್ಲ. ತಂಗಿ ಮರುದಿನವೇ ಮತ್ತೆ ಬೇರೆಯವರ ಸೀಡ್ಸ್ ಪ್ಲಾಟಿಗೆ ಕೂಲಿಗೆ ಹೊರಟಳು. ಅವಳು ಕಟ್ಟಿದ ತೋಟ, ಅವಳಿಗೇ ಬೇಲಿ.

ಉಳಿದ ಸಾಲುಗಳನ್ನಾದರೂ ಉಳಿಸಬೇಕಿತ್ತು. ಮುನಿರಾಬಾದ್ ಕಡೆ ಒಂದು ಪ್ರಯೋಗಾಲಯದಲ್ಲಿ ಗಿಡದ ರೋಗಾಣುವಿನ ವಂಶವಾಹಿ ನೋಡಿ ಇಂಥದೇ ಎಂದು ಹೇಳುತ್ತಾರೆ ಎಂದು ಒಬ್ಬ ಅಧಿಕಾರಿ ಹೇಳಿದರು. ಬಾಡಿದ ಎರಡು ಗಿಡ ಕಿತ್ತು, ಒಣಗಬಾರದೆಂದು ನೀರು ಚಿಮುಕಿಸಿ, ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿದು ಬಸ್ಸು ಹತ್ತಿದೆ. ಕೊಪ್ಪಳದಲ್ಲಿ ಇನ್ನೊಂದು ಬಸ್ಸು. ತಲುಪುವಷ್ಟರಲ್ಲಿ ಚೀಲದೊಳಗೆ ಕಪ್ಪು ಸಾರು.

ಅಲ್ಲಿಯ ವಿಜ್ಞಾನಿ ಒಬ್ಬ ಮೇಡಂ. ಚೀಲ ಬಿಚ್ಚಿದವರು ಮುಖ ಹಿಂದಕ್ಕೆ ತೆಗೆದರು.

"ಅಣ್ಣಾರ, ಇದರಾಗ ಈಗ ಊರಾಗಿನ ಹುಳಾ ಎಲ್ಲಾ ಅದಾವ. ಕೊಂದಾವ ಯಾರು, ಹೆಣಕ್ಕ ಬಂದಾವ ಯಾರು ಅಂತ ಹೆಂಗ ಹೇಳ್ಲಿ? ನನಗ ಸತ್ತ ಗಿಡ ಬ್ಯಾಡ. ಸಾಯಾಕತ್ತಿದ್ದು ಬೇಕು."

ಬಾಡಲು ಶುರುವಾದ, ಇನ್ನೂ ಅರ್ಧ ಹಸಿರಿರುವ ಗಿಡ ತರಬೇಕು. ನೀರು ಹಾಕದೆ ಸುದ್ದಿಕಾಗದದಲ್ಲಿ ಸುತ್ತಬೇಕು. ಥರ್ಮಾಕೋಲ್ ಡಬ್ಬಿಯಲ್ಲಿ ಐಸು ಇಟ್ಟು, ಐಸು ಗಿಡಕ್ಕೆ ತಾಗದಂತೆ ನೋಡಬೇಕು ಎಂದು ಕಲಿಸಿದರು. ಮುಂದಿನ ವಾರ ಹಾಗೆಯೇ ಒಯ್ದೆ. ಮೇಡಂ ಒಂದು ಕಾಂಡವನ್ನು ಓರೆಯಾಗಿ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟರು. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಜಾಗದಿಂದ ಹಾಲಿನಂಥದ್ದು ಮೆಲ್ಲಗೆ ಇಳಿದು ನೀರು ಮಸುಕಾಯಿತು.

"ಬೂಷ್ಟಲ್ಲ. ಬ್ಯಾಕ್ಟೀರಿಯಾ. ನೀವು ಹೊಡೆದ ಪುಡಿ ಇದಕ್ಕ ಏನೂ ಮಾಡೂದಿಲ್ಲ. ಆದ್ರ ಯಾವ ಬ್ಯಾಕ್ಟೀರಿಯಾ ಅನ್ನೂದು ಲೋಟ ಹೇಳೂದಿಲ್ಲ. ನಾ ಹೊಲಕ್ಕ ಬರಬೇಕು."

ಮೇಡಂ ಬರುವ ದಿನ ಬೆಳಿಗ್ಗೆ ನಾನು ಮಾಡಿದ ಕೆಲಸವನ್ನು ಬರೆಯಲು ಕೈ ಹಿಂಜರಿಯುತ್ತದೆ. ಕತ್ತರಿ ಹಿಡಿದು ಪ್ಲಾಟಿಗೆ ಹೋಗಿ, ಇಪ್ಪತ್ತನಾಲ್ಕು ಗೂಟಗಳಲ್ಲಿ ಇಳಿಬಿದ್ದಿದ್ದ ಕೆಂಪು ಬಿಳಿ ದಾರಗಳನ್ನೆಲ್ಲ ಕತ್ತರಿಸಿ ಅಂಗಿಯ ಜೇಬಿಗೆ ಹಾಕಿಕೊಂಡೆ. ತಂಗಿಯ ಪರವಾಗಿ ಸಾಕ್ಷಿ ಹೇಳಲು ಉಳಿದದ್ದು ಅವು ಮಾತ್ರ.

ಮೇಡಂ ಜೀಪಿನಿಂದ ಇಳಿದು ನೇರ ಬೇಲಿ ದಾಟಿದರು. ದೊಡ್ಡಪ್ಪ ಅಲ್ಲೇ ಇದ್ದ. ಕೆಮ್ಮಿದ.

"ಮೇಡಮ್ಮಾರ, ಸಿಟ್ಟಾಗಬ್ಯಾಡ್ರಿ. ಹೆಣ್ಣುಮಕ್ಕಳು ಒಳಗ ಹೋಗೂ ಮುಂದ ನಮ್ಮಾಗ ಒಂದು ಮಾತು ಕೇಳ್ತೀವ್ರಿ..."

ಮೇಡಂ ಕೈಗವಸು ಹಾಕಿಕೊಳ್ಳುತ್ತಲೇ ಹೇಳಿದರು. "ಕೇಳ್ರಿ ಯಜಮಾನ್ರ. ಹೌದು, ಇವತ್ತು ನಂದು ಎರಡನೇ ದಿನ. ಯಾವ ಯಾವ ಸಾಲಾಗ ಅಡ್ಯಾಡ್ತೇನಿ ನೋಡಿ ಇಟ್ಕೊಳ್ರಿ. ಹದಿನೈದು ದಿನ ಬಿಟ್ಟು ನೀವ ಎಣಿಸಿ ಹೇಳ್ರಿ, ಎಷ್ಟು ಒಣಗಿದ್ವು ಅಂತ."

ದೊಡ್ಡಪ್ಪನ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. ನನಗೆ ನಗು ಬಂತು, ಮರುಕ್ಷಣ ನಾಚಿಕೆ. ಗುರುತಿಲ್ಲದ ಊರಿಗೆ ಬಂದ ಹೆಣ್ಣುಮಗಳು ಒಂದು ನಿಮಿಷದಲ್ಲಿ ಆಡಿದ ಮಾತನ್ನು ಒಡಹುಟ್ಟಿದ ನಾನು ಒಂದು ತಿಂಗಳಲ್ಲಿ ಆಡಿರಲಿಲ್ಲ.

ಅವರು ಸಾಲು ಸಾಲಿನಿಂದ ಕಾಂಡ ತೆಗೆದರು, ಹಳದಿ ಮಡಿಯಿಂದಲೂ ತೆಗೆದರು. ಹನಿ ನೀರನ್ನು ಬಾಟಲಿಗೆ ತುಂಬಿಸಿದರು. ಕೆಲಸಕ್ಕೆ ಬಳಸುವ ಚಾಕು ಕೇಳಿದರು. ಅಂದು ಬೆಳಿಗ್ಗೆಯೂ ಬಾಡಿದ ಕೊಂಬೆ ಕೊಯ್ದು ಹಸಿ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಚಾಕು ಕೊಟ್ಟೆ. ಅದರ ಹಿಡಿಕೆಯ ಸಂದಿಯನ್ನು ಹತ್ತಿಯಿಂದ ಒರೆಸಿ ಕೊಳವೆಯಲ್ಲಿ ಹಾಕಿ ಮುಚ್ಚಿದರು.

"ಯಾವ ಸಾಲು ಯಾರು ಕತ್ತರಿಸಿದ್ರು, ಎಂದು ಕತ್ತರಿಸಿದ್ರು, ಗುರುತು ಏನರ ಐತೇನು?"

"ಇಲ್ರಿ" ಎಂದೆ. ಜೇಬಿನಲ್ಲಿ ದಾರ ಇತ್ತು.

ಮೂರು ವಾರದ ನಂತರ ಕರೆದರು. ರೋಗಾಣುವಿನ ಹೆಸರು ಡಿಕೆಯಾ. ಗಿಡದ ಜೀವಕೋಶಗಳನ್ನು ಹಿಡಿದಿಡುವ ಅಂಟನ್ನೇ ಕರಗಿಸಿ ತಿನ್ನುವ ಜಾತಿ. ಮೇಡಂ ಆಲೂಗಡ್ಡೆ ಹೋಳಿನ ಮೇಲೆ ಅದನ್ನು ಬಿಟ್ಟಿದ್ದರು. ಹೋಳು ಒಂದೆರಡು ದಿನದಲ್ಲಿ ಗಂಜಿಯಾಗಿತ್ತು. ಅದು ಚಾಕುವಿನಲ್ಲೂ ಸಿಕ್ಕಿತ್ತು. ಆದರೆ ಬಾಡಿದ ಸಾಲುಗಳು ಹೀಗೆ ಚದುರಿದ್ದು ಏಕೆ ಎಂಬುದು ಅವರಿಗೆ ಬಿಡಿಸಲಾಗಿರಲಿಲ್ಲ.

"ನೀರಿಂದನೂ ಇರಬಹುದು. ಈ ಸಲದ ನೀರಿನ್ಯಾಗ ಸಿಗಲಿಲ್ಲ, ಆದ್ರ ಆವಾಗ ಇದ್ದಿರಬಹುದು. ಪೈಪಿನ್ಯಾಗ ಕೂತಿದ್ರ ಹಸರು ಸಾಲೂ ಉಳಿಯೂದಿಲ್ಲ. ಗುರುತು ಇಲ್ಲ ಅಂದ್ರ, ಎಲ್ಲಾ ಕಿತ್ತು ಸುಡ್ರಿ ಅಂತ ಹೇಳಬೇಕಾಕ್ಕೈತಿ."

ಮನೆಗೆ ಬಂದು ಹೇಳಿದೆ. ದೊಡ್ಡಪ್ಪ ತೊಡೆ ತಟ್ಟಿದ.

"ನೀರಂತ! ಕೇಳಿದೇನು? ಆ ನೀರಿನ ವಾಲ್ ಮುಟ್ಟಿದಾಕಿ ಯಾರು? ನಾ ಹೇಳಿದ್ದ ಮಷಿನ್ನೂ ಹೇಳೇತಿ!"

ತಂಗಿ ಆಗತಾನೇ ಕೂಲಿಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಕೇಳಿಸಿಕೊಂಡಳು. ತಂಬಿಗೆ ಕೆಳಗಿಟ್ಟಳು. ಒಳಗೆ ಹೋದಳು.

ಅಲ್ಲಿಯವರೆಗೆ ನಾನು ಸುಮ್ಮನಿದ್ದವನು ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ಸಂಜೆ ಆ ನೆಪವೂ ಹೋಯಿತು. ನಾನು ದಾರ ಬಚ್ಚಿಟ್ಟಿದ್ದರಿಂದ ಪ್ರಯೋಗಾಲಯವೇ ಅವಳ ಮೇಲೆ ಬೆರಳು ತೋರಿಸುವಂತಾಗಿತ್ತು. ಊರಿನ ಮಾತಿಗಾದರೆ ಎದುರು ಮಾತು ಇರುತ್ತದೆ. ಸರ್ಕಾರಿ ಕಾಗದ ಬಂದು ಹದಿಮೂರು ಹಸಿರು ಸಾಲು ಸುಟ್ಟ ಮೇಲೆ ಅವಳು ಯಾವ ಮಣ್ಣಿನ ಮೇಲೆ ನಿಂತು ಮಾತಾಡಬೇಕು?

ಮರುದಿನ ಮೊದಲ ಬಸ್ಸಿಗೆ ಹೋದೆ. ಮೇಡಂ ಮೇಜಿನ ಮೇಲೆ ದಾರದ ಮುದ್ದೆ ಇಟ್ಟೆ. ಬಾಟಲಿ ಶೆಡ್ಡಿನಲ್ಲಿಟ್ಟಿದ್ದು, ಹಳದಿ ಮಡಿಯಿಂದ ಶುರು ಮಾಡಿದ್ದು, ಟವೆಲ್ಲಿಗೆ ಒರೆಸಿದ್ದು, ವಾಲ್ ಮರೆತದ್ದು, ಫೋನ್ ಮಾಡಿದ್ದು, ಎಲ್ಲ ಹೇಳಿದೆ. ಮೇಡಂ ಮುದ್ದೆಯಿಂದ ಒಂದು ದಾರ ಎಳೆದು ನೋಡಿದರು.

"ಮೂರು ವಾರ ನನ್ನ ನೀರಿನ ಬೆನ್ನ ಹಿಂದ ಓಡಿಸಿದ್ರಿ. ನಿಮ್ಮ ತಂಗಿ ಮ್ಯಾಲೆ ಹಾಕಿದ್ದು ಬಿಡ್ರಿ, ಅದು ನಿಮ್ಮ ಪಾಪ. ನನ್ನ ಕೆಲಸಾನೂ ಸುಳ್ಳು ಮಾಡ್ತಿದ್ರಿ." ಆಮೇಲೆ ಕೇಳಿದರು, "ಕತ್ತರಿಸಿದ ದಾರ ತಗೊಂಡು ನಾ ಏನು ಮಾಡ್ಲಿ? ಯಾವ ಗೂಟದ್ದು ಯಾವುದು ಅಂತ ನೀವು ಹೇಳಿದ್ದ ನಂಬಬೇಕೇನು?"

"ನನ್ನ ನಂಬಬ್ಯಾಡ್ರಿ ಮೇಡಂ. ಗಂಟು ಅದಾವ. ನಾ ಬಾಲ ಅಷ್ಟ ಕತ್ತರಿಸೇನಿ. ಆ ಗಂಟು ಬಿಚ್ಚೂದಿಲ್ರಿ, ನಮ್ಮ ತಂಗಿ ಕಲಿಸಿದ್ದು."

ಮೇಡಂ ಮತ್ತೆ ಬಂದರು. ಮಳೆಗೆ ಉಬ್ಬಿ ಗೂಟಕ್ಕೆ ಕಚ್ಚಿಕೊಂಡಿದ್ದ ಸಣ್ಣ ಗಂಟುಗಳನ್ನು ಒಂದೊಂದಾಗಿ ನೋಡಿ ಪುಸ್ತಕದಲ್ಲಿ ಬರೆದುಕೊಂಡರು. ಕೆಂಪು ಹದಿಮೂರು, ಬಿಳಿ ಹನ್ನೊಂದು. ವಾಲಿನ ಪಕ್ಕದ, ನೀರು ನಿಂತಿದ್ದ, ತಂಗಿ ನಡೆದು ಹೋಗಿದ್ದ ಕೊನೆಯ ಸಾಲು ಕೆಂಪು ಗಂಟಿನದು. ಅಲ್ಲಿ ಒಂದು ಗಿಡವೂ ಬಾಡಿರಲಿಲ್ಲ. ಈ ಸಲ ಗಂಟಿನ ಬಣ್ಣ ಬರೆದ ಚೀಟಿ ಹಚ್ಚಿ ಮಾದರಿ ತೆಗೆದರು.

ಮುಂದಿನ ಕೆಲಸವನ್ನು ಅವರು ನನಗೆ ನೋಡಲು ಬಿಟ್ಟರು. "ನೋಡ್ರಿ, ಇನ್ನೊಮ್ಮೆ ಯಾರಿಗೂ ಸುಳ್ಳು ಹೇಳಬಾರದು ಅನಸ್ತೈತಿ" ಎಂದರು. ಕಾಂಡದ ಮೇಲ್ಭಾಗ ತೊಳೆದು, ಒಳಗಿನ ಚೂರು ಅರೆದು, ತಟ್ಟೆಯಲ್ಲಿ ರೋಗಾಣು ಬೆಳೆಸಿ, ಅದರಿಂದ ವಂಶವಾಹಿಯ ಎಳೆ ಬಿಡಿಸುತ್ತಾರೆ. ಕಣ್ಣಿಗೆ ಅದು ಏನೂ ಕಾಣದ ಒಂದು ಹನಿ ನೀರು. ಆ ಹನಿಯನ್ನು ಒಂದು ಯಂತ್ರದಲ್ಲಿಟ್ಟರೆ ಅದು ಕಾಯಿಸುತ್ತದೆ, ತಣಿಸುತ್ತದೆ, ಮತ್ತೆ ಕಾಯಿಸುತ್ತದೆ. ಪ್ರತಿ ಸುತ್ತಿಗೂ ನಮಗೆ ಬೇಕಾದ ತುಣುಕುಗಳು ದುಪ್ಪಟ್ಟಾಗುತ್ತವೆ. ಕೊನೆಗೆ ಅವನ್ನು ಲೋಳೆಯಂಥ ಒಂದು ಹಲಗೆಯ ಕುಳಿಗಳಿಗೆ ಹಾಕಿ ಕರೆಂಟು ಹರಿಸುತ್ತಾರೆ. ಸಣ್ಣ ತುಣುಕು ದೂರ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ನೀಲಿ ಬೆಳಕಿನಲ್ಲಿ ಹಿಡಿದಾಗ ಒಂದೊಂದು ಮಾದರಿಗೆ ಒಂದೊಂದು ಏಣಿ ಕಾಣುತ್ತದೆ. ಡಿಕೆಯಾ ಎಂಬುದು ಕುಲದ ಹೆಸರಾದರೆ, ಈ ಏಣಿಯ ಮೆಟ್ಟಿಲುಗಳು ಒಂದೇ ಮನೆತನದ್ದೋ ಅಲ್ಲವೋ ಎಂದು ಹೇಳುತ್ತವೆ.

ಹಳದಿ ಮಡಿಯ ಏಣಿ. ಪಕ್ಕದಲ್ಲಿ ಚಾಕುವಿನ ಏಣಿ. ಆಮೇಲೆ ಬಿಳಿ ಗಂಟಿನ ಸಾಲುಗಳವು. ಮೆಟ್ಟಿಲಿಗೆ ಮೆಟ್ಟಿಲು ಒಂದೇ. ಕೆಂಪು ಗಂಟಿನ ಮಾದರಿಗಳಲ್ಲಿ ರೋಗಾಣುವೇ ಸಿಗಲಿಲ್ಲ; ಅವುಗಳ ಜಾಗ ಕಪ್ಪಗೆ ಖಾಲಿ ಉಳಿದಿತ್ತು.

"ಸಿಗಲಿಲ್ಲ ಅಂದ್ರ ಎಲ್ಲೂ ಇಲ್ಲ ಅಂತ ಬರದು ಕೊಡೂದಿಲ್ಲ ನಾನು" ಎಂದರು ಮೇಡಂ. "ಕಣ್ಣಿಟ್ಟು ನೋಡಬೇಕು. ಆದ್ರ ಇದು ಬಂದ ದಾರಿ ಇಷ್ಟು. ನೀವು ತಂದ ಸಸಿ, ನಿಮ್ಮ ಚಾಕು, ನಿಮ್ಮ ಸಾಲು. ಹಳದಿ ಮಡಿ, ಬಿಳಿ ಸಾಲು ಕಿತ್ತು ಸುಡ್ರಿ. ಕೆಂಪು ಸಾಲು ಇರ್ಲಿ. ನಿಮ್ಮ ತಂಗಿಗೆ ಹೇಳ್ರಿ, ಆಕಿ ಬಾಟ್ಲಿ ನನ್ನ ಪಾಠದಾಗ ಬರ್ತೈತಿ ಅಂತ."

ಮೇಡಂ ಅಡ್ಡಾಡಿದ್ದ ಸಾಲುಗಳಲ್ಲಿ ಹಸಿರಿದ್ದವು ಹಸಿರಾಗಿಯೇ ಇದ್ದವು. ದೊಡ್ಡಪ್ಪ ಎಣಿಸಲು ಬರಲೇ ಇಲ್ಲ.

ಸುಡುವ ಕೆಲಸ ಮುಗಿಸಿ, ನೇರ ತಂಗಿ ಕೆಲಸ ಮಾಡುತ್ತಿದ್ದ ನೆರಳುಬಲೆಗೆ ಹೋದೆ. ಟೊಮ್ಯಾಟೊ ಹೂವಿನ ಮುಂದೆ ಚಿಮಟ ಹಿಡಿದು ಬಾಗಿದ್ದಳು. ಪ್ರಯೋಗಾಲಯದ ಕಾಗದ ಕೊಟ್ಟೆ.

"ತಂಗೆವ್ವಾ, ನಂದ... ನನ್ನಿಂದ..."

ಅವಳು ಚಿಮಟ ಸ್ಪಿರಿಟ್ಟಿನಲ್ಲಿ ಅದ್ದಿದಳು. ತಲೆ ಎತ್ತಲಿಲ್ಲ.

"ಇಲ್ಲಿ ಬ್ಯಾಡ. ನೆರಳುಬಲಿ ಒಳಗ ಬಂದು ಕಿವ್ಯಾಗ ಹೇಳಿದ್ರ ಯಾರಿಗೆ ಕೇಳಬೇಕು? ಎಲ್ಲಿ ಸುಮ್ಮ ನಿಂತಿದ್ದಿ ಅಲ್ಲಿ ನಿಂತು ಹೇಳು. ಯಾರ ಮುಂದ ತಲಿ ಬಗ್ಗಿಸಿದ್ದಿ ಅವರ ಮುಂದ ಹೇಳು. ಯಾವತ್ತು ಅಂತ ನಾ ಹೇಳ್ತೇನಿ."

ಪಕ್ಕದ ಸಾಲಿನ ಹೆಂಗಸು ನಕ್ಕಳು. "ಅಣ್ಣಾರ, ತಾರೀಖು ಬಿದ್ದೈತಿ, ಹೋಗ್ರಿ. ಪರಾಗ ಒಣಗಾಕತ್ತೈತಿ."

ಅಲ್ಲಿಂದ ಹದಿಮೂರನೆಯ ದಿನ ಬೆಳಿಗ್ಗೆ ತಂಗಿಯ ಫೋನ್ ಬಂತು.

"ಯಣ್ಣಾ, ಇವತ್ತು ನಾ ಹೊರಗಾಗೇನಿ. ನಮ್ಮ ಪ್ಲಾಟಿನ್ಯಾಗ ಅದೇನಿ. ದೊಡ್ಡಪ್ಪನ್ನ ಕರಕೊಂಡು ಬಾ. ಅವತ್ತು ಇದ್ದವರು ಎಲ್ಲಾರನೂ ಕರಿ."

ಬೇಡ ಎಂದವರು ಬಹಳ. ಅವ್ವ ಅಡ್ಡ ನಿಂತಳು. ನಾನು ಅವಳನ್ನೂ ಕೈ ಹಿಡಿದು ಕರೆದುಕೊಂಡು ಹೋದೆ. ದೊಡ್ಡಪ್ಪ ಜಗಳಕ್ಕೆ ಸಿದ್ಧನಾಗಿಯೇ ಬಂದ. ಬೇಲಿಯ ಆಚೆ ಕೆಂಪು ಗಂಟಿನ ಹದಿಮೂರು ಸಾಲುಗಳಲ್ಲಿ ಮೊಗ್ಗು ಕಟ್ಟಿತ್ತು. ತಂಗಿ ಕೊನೆಯ ಸಾಲಿನ ತುದಿಯಲ್ಲಿ, ವಾಲಿನ ಮೇಲೆ ಕೈಯಿಟ್ಟು ನಿಂತಿದ್ದಳು. ಅವತ್ತು ಅವಳು ಹೊರಗಿದ್ದಳು, ನಾನು ಒಳಗಿದ್ದೆ. ಇವತ್ತು ನಾನು ಹೊರಗೆ ನಿಂತೆ.

"ಏನವಾ ಇದು, ಹೊರಗಾಗಿ ಮತ್ತ ಒಳಗ..." ಎಂದು ದೊಡ್ಡಪ್ಪ ಶುರು ಮಾಡಿದ.

"ದೊಡ್ಡಪ್ಪಾ, ಸುಮ್ಮನಿರ್ರಿ. ನೀವು ಮಾತಾಡಿದ್ದು ಸಾಕು. ಇವತ್ತು ನಂದು" ಎಂದೆ. ನನ್ನ ಆಯುಷ್ಯದಲ್ಲಿ ಅವನಿಗೆ ಎದುರಾಡಿದ್ದು ಅದೇ ಮೊದಲು. ಆಮೇಲೆ ಹೇಳತೊಡಗಿದೆ. ದನಿ ಸಣ್ಣದಾಗಿತ್ತು.

"ಜೋರಾಗಿ ಹೇಳು ಯಣ್ಣಾ. ದೊಡ್ಡಪ್ಪನ ಕಣ್ಣು ಛಲೋ ಅದಾವ, ಕಿವಿ ಮಂದ" ಎಂದಳು ತಂಗಿ ವಾಲಿನ ಹತ್ತಿರದಿಂದ.

ನಾನು ಮೊದಲಿನಿಂದ ಹೇಳಿದೆ.

"ನಮ್ಮ ತಂಗಿ ಮುಟ್ಟಾದಾಗ ತಾನಾಗಿ ಒಳಗ ಬರಲಿಲ್ಲ. ನಾನ ಫೋನ್ ಮಾಡಿ ಕಳಿಸಿದ್ದೆ. ಆಕಿ ನಡದ ಸಾಲು ಬಾಡಲಿಲ್ಲ, ನೋಡ್ರಿ, ನಿಮ್ಮ ಮುಂದ ಐತಿ. ಬಾಡಿದ್ದು ನಾ ಕತ್ತರಿಸಿದ ಸಾಲು. ರೋಗ ತಂದಾವ ನಾನು, ಹಂಚಿದಾವ ನಾನು, ಗುರುತು ಹರದಾವ ನಾನು. ನೀವು ಆಕಿಗೆ ಅಂದಾಗ ಎಲ್ಲಾ ಗೊತ್ತಿದ್ದೂ ಇಲ್ಲೇ ಸುಮ್ಮ ನಿಂತಾವ ನಾನು. ತಂಗೆವ್ವಾ, ತಪ್ಪು ನಂದು. ನಿನ್ನ ಹೊರಗ ನಿಲ್ಲಿಸಿದ್ದಕ್ಕ ನನ್ನ ಕ್ಷಮಿಸು."